ಕಮಲ ಬಸದಿ ಫಲಕದಲ್ಲಿ ಇಸವಿ ತಪ್ಪಾಗಿದೆ, ಸರಿ ಮಾಡಿಸೋಣ

ಮನೆ 9:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ತಿರುವಿನಲ್ಲಿ ಕೋಟೆ ಕಡೆ ದಾರಿ ತೋರಿಸುವ ಕಮಲ ಬಸದಿ ಫಲಕ ಇದೆಯಲ್ವಾ, ಅದನ್ನು ಈಚೆಗೆ ಯಾರಾದರೂ ನೋಡಿದಿರಾ? ಚರಂಡಿ ಅಗೆದಾಗಲೇ ವಾಲಿತ್ತು. ಆಮೇಲೆ ಯಾರೋ ಹೊಸ ಬಣ್ಣ ಹಚ್ಚಿದ್ದಾರೆ. ಆಗ 1204 ಹೋಗಿ 1024 ಆಗಿದೆ. ಬುಡದಲ್ಲಿ ಮತ್ತೆ ಕಸದ ಚೀಲ. ನನ್ನ ಮಗಳು ಶಾಲೆಯ ಪ್ರಾಜೆಕ್ಟ್‌ಗೆ ಅದೇ ಇಸವಿ ಬರೆದುಕೊಂಡು ಬಂದಿದ್ದಾಳೆ. ತುಂಬಾ ಬೇಸರವಾಯಿತು.

ಮನೆ 22:
ಕಸದ ಮಾತು ನಿಜ ಅಣ್ಣಾ. ದಿನಾ ನೋಡಿ ನೋಡಿ ನನಗೂ ಸಾಕಾಗಿದೆ. ಆದರೆ ಇಸವಿ ಅಷ್ಟು ದೊಡ್ಡ ವಿಷಯವಾ? ಹಳೇ ಬಸದಿ ಅಂತ ಗೊತ್ತಾದರೆ ಸಾಕಲ್ವಾ?

ಮನೆ 9:
ಸಾಕಾಗಲ್ಲ ಅಕ್ಕಾ. 180 ವರ್ಷದ ವ್ಯತ್ಯಾಸ ಅದು. ಬಸದಿ ಕಟ್ಟಿಸಿದವನು ಬೀಚಿರಾಜ, ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ. 1024ರಲ್ಲಿ ಇಬ್ಬರೂ ಹುಟ್ಟಿರಲೇ ಇಲ್ಲ. ರಟ್ಟರು ಮೊದಲು ಸವದತ್ತಿಯಿಂದ ಆಳುತ್ತಿದ್ದರು. ಆಮೇಲೆ ರಾಜಧಾನಿಯನ್ನು ವೇಣುಗ್ರಾಮಕ್ಕೆ ತಂದರು. ವೇಣುಗ್ರಾಮ ಅಂದರೆ ನಮ್ಮ ಬೆಳಗಾವಿಯೇ. ನಮ್ಮ ಊರು ರಾಜಧಾನಿಯಾಗಿದ್ದ ಕಾಲದ ಕಟ್ಟಡ ಅದು. ಇಸವಿ ತಪ್ಪಿದರೆ ಆ ನಂಟೇ ತಪ್ಪಿಹೋಗುತ್ತದೆ.

ಮನೆ 31:
ನಾನು ಈ ಊರಿಗೆ ಬಂದ ಹೊಸದರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಎದುರಿನ ಕೋಟೆಯೊಳಗೆ ಸುಮ್ನೆ ಹೊಕ್ಕಿದ್ದೆ. ಬಸದಿಯ ಮಂಟಪದಲ್ಲಿ ನಿಂತು ತಲೆ ಎತ್ತಿದರೆ ಕಲ್ಲಿನ ಕಮಲ ಮೇಲಿಂದ ಇಳಿಬಿದ್ದಿದೆ. 72 ದಳ. ಹಿಂದಿನ, ಇಂದಿನ, ಮುಂದಿನ ಕಾಲದ ತೀರ್ಥಂಕರರು 24 ರಂತೆ ಒಟ್ಟು 72 ಅಂತ ಲೆಕ್ಕ. ಗರ್ಭಗುಡಿಯಲ್ಲಿ ನೇಮಿನಾಥ. ಕುತ್ತಿಗೆ ನೋಯುವವರೆಗೂ ಆ ಕಮಲವನ್ನೇ ನೋಡಿದ್ದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಅದೇ ಕೋಟೆಯಲ್ಲಿ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿಯೂ ಇದೆ. ಹೊಸ ಫಲಕ ಮಾಡಿದರೆ ಅದರ ಹೆಸರನ್ನೂ ಸೇರಿಸಲು ಕೇಳೋಣ.

ಮನೆ 17:
ಒಳ್ಳೇ ಮಾತು ಕಾಕಾ. ಆ ತಿರುವಿನಲ್ಲಿ ನಾವೇ ಮತ್ತೆ ಬಣ್ಣ ಹಚ್ಚೋಣವಾ? ನನ್ನ ಹತ್ತಿರ ಬ್ರಷ್ ಇದೆ.

ಮನೆ 9:
ಬೇಡ ತಮ್ಮಾ. ತಿಳಿಯದೆ ಕೈ ಹಾಕಿದ್ದಕ್ಕೇ ಹೀಗಾಗಿದ್ದು. ಬಸದಿ ಪುರಾತತ್ವ ಇಲಾಖೆಯದು, ಅವರ ಕಚೇರಿ ಧಾರವಾಡದಲ್ಲಿದೆ. ಫಲಕ ನಿಂತಿರುವುದು ರಸ್ತೆ ಬದಿ. ಹಾಗಾಗಿ ಎರಡು ಅರ್ಜಿ ಕೊಡೋಣ. ಕಂಬ ನೇರ ಮಾಡಿ ಬುಡಕ್ಕೆ ಕಾಂಕ್ರೀಟ್ ಹಾಕಿ ಅಂತ ಪಾಲಿಕೆಗೆ ಒಂದು. ಸರಿಯಾದ ಬರಹ ಕೊಡಿ ಅಂತ ಧಾರವಾಡಕ್ಕೆ ಇನ್ನೊಂದು, ಫೋಟೋ ಸಮೇತ. ಕನ್ನಡ ಮೇಲೆ, ದೊಡ್ಡ ಅಕ್ಷರದಲ್ಲಿ ಇರಲಿ.

ಮನೆ 22:
ಕಸ ಯಾರು ಹಾಕುತ್ತಾರೋ ಗೊತ್ತಿಲ್ಲ. ನಮ್ಮ ಓಣಿಯಿಂದ ಹೋಗದಂತೆ ನಾನು ಮನೆಮನೆಗೆ ಹೇಳಿ ಬರುತ್ತೇನೆ. ಭಾನುವಾರ ಬೆಳಿಗ್ಗೆ 7ಕ್ಕೆ ಕಸಬರಿಗೆ, ಬುಟ್ಟಿ ತರುತ್ತೇನೆ. ಇನ್ನೂ ಇಬ್ಬರು ಬಂದರೆ ಸಾಕು.

ಮನೆ 17:
ನಾನು ಬರುತ್ತೇನೆ ಅಕ್ಕಾ, ಸಲಿಕೆ ಇದೆ.

ಮನೆ 9:
ಅರ್ಜಿ ಇವತ್ತು ರಾತ್ರಿ ಬರೆದಿಡುತ್ತೇನೆ. ಭಾನುವಾರ ಅಲ್ಲೇ ಎಲ್ಲರೂ ಸಹಿ ಹಾಕಿ. ಮಗಳು ಪ್ರಾಜೆಕ್ಟ್ ತಿದ್ದಿದ್ದಾಳೆ. ಅವಳೂ ಬರುತ್ತಾಳಂತೆ.