ಅಪ್‌ಡೇಟ್: ಸೊಂಟ ಹಿಡಿದುಕೊಂಡಿದ್ದರೂ ಹೋಗಿ ಬಂದೆ

ಹೊರಡುವ ಹಿಂದಿನ ದಿನ ಸೂಟ್‌ಕೇಸ್ ಎತ್ತುವಾಗ ಸೊಂಟ ಹಿಡಿದುಕೊಂಡು, ವಿಮಾನ ಹತ್ತಲೋ ಬೇಡವೋ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಡಾಕ್ಟರ್ ಮೊದಲು ಕೇಳಿದ್ದು: ಕಾಲು ಮರಗಟ್ಟಿದೆಯಾ, ಮೂತ್ರಕ್ಕೆ ತೊಂದರೆಯಾ, ಜ್ವರ ಇದೆಯಾ? ಯಾವುದೂ ಇರಲಿಲ್ಲ. ಸ್ನಾಯು ಹಿಡಿದಿದೆ, ಎಕ್ಸ್‌ರೇ ಬೇಡ, ಆದರೆ ಮಲಗಿಯೇ ಇರಬೇಡಿ, ಆಗಾಗ ನಡೆಯಿರಿ ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ನಿಮ್ಮಲ್ಲಿ ಹಲವರು ಹೇಳಿದ ಬಿಸಿನೀರಿನ ಚೀಲವೇ ನನಗೆ ಮಾತ್ರೆಗಿಂತ ಹಿತವೆನಿಸಿತು.

ವಿಮಾನದಲ್ಲಿ ಓಡಾಡುವ ದಾರಿ ಪಕ್ಕದ ಸೀಟು ಕೇಳಿ ಪಡೆದೆ, ಸ್ವೆಟರ್ ಸುತ್ತಿ ಸೊಂಟದ ಹಿಂದಿಟ್ಟುಕೊಂಡೆ. ಕೂತಾಗಿಗಿಂತ ಏಳುವಾಗಲೇ ಜೀವ ಹೋಗುತ್ತಿತ್ತು. ಮುಂದಿನ ಸೀಟು ಹಿಡಿದು ಎದ್ದಾಗಲೆಲ್ಲ ಅಲ್ಲಿದ್ದವರು ತಿರುಗಿ ಗುರಾಯಿಸಿದರು, ಇರಲಿ ಬಿಡಿ. ಲಗೇಜೆಲ್ಲ ತಮ್ಮನ ಪಾಲಿಗೆ. ಈಗ ಬಗ್ಗಿ ಶೂ ಲೇಸ್ ಕಟ್ಟುವಷ್ಟಾಗಿದೆ. ಫಿಸಿಯೋಥೆರಪಿ ಮುಂದಿನ ವಾರ ಶುರು.