ಯೇಸುವಿನ ವಿಚಾರಣೆ: ಶಿಕ್ಷೆ ಕೊಟ್ಟವರು ಯಾರು, ಯಾವ ಅಪರಾಧಕ್ಕೆ?

ಪ್ರಶ್ನೆ: ಡೊಂಬಿವಿಲಿಯ ಓದುಗ

ಇಲ್ಲಿನ ನಮ್ಮ ಕನ್ನಡ ಓದುಗರ ಬಳಗದಲ್ಲಿ ಈ ಸಲ ನಾಲ್ಕು ಸುವಾರ್ತೆಗಳ ಕೊನೆಯ ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದೆವು. ಬಳಗದಲ್ಲಿ ಕ್ರೈಸ್ತರೂ ಇದ್ದಾರೆ, ನನ್ನಂತೆ ಕ್ರೈಸ್ತರಲ್ಲದವರೂ ಇದ್ದಾರೆ. ಹೀಗಾಗಿ ಮಾತು ಭಕ್ತಿಗಿಂತ ಹೆಚ್ಚಾಗಿ ಕಥನದೊಳಗಿನ ವ್ಯತ್ಯಾಸಗಳ ಸುತ್ತಲೇ ನಡೆಯಿತು.

ಮಾರ್ಕ ಮತ್ತು ಮತ್ತಾಯರ ಪ್ರಕಾರ ಮಹಾಯಾಜಕನ ಮನೆಯಲ್ಲಿ ರಾತ್ರಿಯೇ ಹಿರೀಸಭೆ (ಯೆಹೂದ್ಯರ ಉನ್ನತ ಧರ್ಮಸಭೆ) ಕೂಡುತ್ತದೆ, ಸಾಕ್ಷಿಗಳು ಬರುತ್ತಾರೆ, ದೇವದೂಷಣೆಯ ತೀರ್ಮಾನವಾಗುತ್ತದೆ. ಲೂಕನಲ್ಲಿ ಸಭೆ ಕೂಡುವುದು ಬೆಳಗಾದ ಮೇಲೆ. ಯೋಹಾನನಲ್ಲಂತೂ ಹಿರೀಸಭೆಯ ವಿಚಾರಣೆಯೇ ಇಲ್ಲ. ಹಿಂದಿನ ಮಹಾಯಾಜಕ ಅನ್ನನು ನಾಲ್ಕು ಮಾತು ಕೇಳಿ ಆಗಿನ ಮಹಾಯಾಜಕ ಕಾಯಫನ ಬಳಿಗೆ ಕಳುಹಿಸುತ್ತಾನೆ, ಅಲ್ಲಿಂದ ನೇರವಾಗಿ ರೋಮನ್ ಅಧಿಪತಿ ಪಿಲಾತನ ಎದುರಿಗೆ ಒಯ್ಯುತ್ತಾರೆ. ದಿನವೂ ಹೊಂದುವುದಿಲ್ಲ. ಮೊದಲ ಮೂವರಲ್ಲಿ ಯೆಹೂದ್ಯರ ಪಸ್ಕ ಹಬ್ಬದ ಊಟ ಮುಗಿದ ಮೇಲೆ ಬಂಧನವಾದರೆ, ಯೋಹಾನನಲ್ಲಿ ಆ ಊಟ ಇನ್ನೂ ಆಗಬೇಕಿದೆ.

ನನ್ನನ್ನು ಹೆಚ್ಚು ಕಾಡಿದ್ದು ಆರೋಪ ಬದಲಾಗುವ ರೀತಿ. ಮಹಾಯಾಜಕನ ಮುಂದೆ ಪ್ರಶ್ನೆ ‘ನೀನು ಯಾರು’ ಎಂಬುದು. ಪಿಲಾತನ ಮುಂದೆ ಅದೇ ಮನುಷ್ಯ ರೋಮಿನ ಚಕ್ರವರ್ತಿ ಕೈಸರನಿಗೆ ತೆರಿಗೆ ಕೊಡಬೇಡಿರೆಂದವನು, ತಾನೇ ಅರಸನೆಂದವನು ಆಗಿಬಿಡುತ್ತಾನೆ. ಹಾಗಿದ್ದರೆ ಶಿಕ್ಷೆ ವಿಧಿಸಿದವರು ಯಾರು, ಯಾವ ಅಪರಾಧಕ್ಕೆ? ‘ನೀನು ಕ್ರಿಸ್ತನೋ’ ಎಂದು ಕೇಳಿದಾಗ ಮಾರ್ಕನ ಯೇಸು ಹೌದೆನ್ನುತ್ತಾನೆ, ಮತ್ತಾಯನ ಯೇಸು ‘ನೀನೇ ಹೇಳಿದ್ದೀ’ ಎನ್ನುತ್ತಾನೆ. ತಾನು ಯಾರೆಂಬುದನ್ನು ಆತ ನಿಜವಾಗಿ ಒಪ್ಪಿಕೊಂಡನೇ? ಯಾರ ನಂಬಿಕೆಯನ್ನೂ ಕೆಣಕುವ ಉದ್ದೇಶ ನನಗಿಲ್ಲ. ಇತಿಹಾಸಕಾರರು ಇದನ್ನು ಹೇಗೆ ನೋಡುತ್ತಾರೆಂದು ತಿಳಿಯುವ ಆಸೆಯಷ್ಟೇ.

ಉತ್ತರ 1: ಪುಣೆಯ ವಕೀಲ

ಶಿಕ್ಷೆಯ ರೂಪದಿಂದ ಹಿಂದಕ್ಕೆ ಹೋದರೆ ಆರೋಪ ಸ್ಪಷ್ಟವಾಗುತ್ತದೆ. ದೇವದೂಷಣೆಗೆ ಮೋಶೆಯ ಧರ್ಮಶಾಸ್ತ್ರ ಹೇಳುವುದು ಕಲ್ಲೆಸೆದು ಕೊಲ್ಲುವುದನ್ನು. ಶಿಲುಬೆ ರೋಮನರ ಶಿಕ್ಷೆ. ಅದೂ ಮುಖ್ಯವಾಗಿ ಗುಲಾಮರಿಗೆ, ದಂಗೆಯೆದ್ದವರಿಗೆ, ರೋಮಿನ ಪೌರತ್ವವಿಲ್ಲದ ಪ್ರಜೆಗಳಿಗೆ. ಶಿಲುಬೆಯ ಮೇಲಿನ ಫಲಕದ ಒಕ್ಕಣೆಯಲ್ಲಿ ನಾಲ್ಕೂ ಸುವಾರ್ತೆಗಳ ನಡುವೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ‘ಯೆಹೂದ್ಯರ ಅರಸನು’ ಎಂಬ ಭಾಗ ಎಲ್ಲದರಲ್ಲೂ ಇದೆ. ಅದೇ ದೋಷಾರೋಪಣೆ. ರೋಮಿನ ಅಪ್ಪಣೆಯಿಲ್ಲದೆ ಅರಸನೆನ್ನಿಸಿಕೊಳ್ಳುವುದು ರಾಜದ್ರೋಹ.

ಅಧಿಕಾರದ ಪ್ರಶ್ನೆಯೂ ಕಷ್ಟದ್ದಲ್ಲ. ಯೂದಾಯವು ಕ್ರಿ.ಶ. 6ರಲ್ಲಿ ರೋಮಿನ ನೇರ ಆಡಳಿತಕ್ಕೆ ಬಂದಾಗ ಮೊದಲ ಅಧಿಪತಿ ಕೊಪೋನಿಯಸನಿಗೆ ಮರಣದಂಡನೆ ವಿಧಿಸುವ ಅಧಿಕಾರವನ್ನೂ ಕೊಟ್ಟು ಕಳುಹಿಸಲಾಯಿತೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಪಿಲಾತ 26ರಿಂದ 36ರವರೆಗೆ ಅದೇ ಹುದ್ದೆಯಲ್ಲಿದ್ದ. 1961ರಲ್ಲಿ ಕೈಸರೈಯದ ಉತ್ಖನನದಲ್ಲಿ ಅವನ ಹೆಸರಿರುವ ಶಾಸನದ ಕಲ್ಲು ಸಿಕ್ಕಿದೆ. ಅದರಲ್ಲಿ ಅವನ ಪದವಿ ಪ್ರಿಫೆಕ್ಟ್ ಎಂದಿದೆ. ಕ್ರಿ.ಶ. 116ರ ಸುಮಾರಿಗೆ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸನೂ ಕ್ರಿಸ್ತನಿಗೆ ಮರಣದಂಡನೆ ಕೊಟ್ಟವನು ಪಿಲಾತನೆಂದೇ ಹೇಳುತ್ತಾನೆ. ಪೌರನಲ್ಲದ ಆರೋಪಿಯ ವಿಷಯದಲ್ಲಿ ಅಧಿಪತಿಯ ವಿವೇಚನೆಯೇ ಕಾನೂನು. ವಕೀಲರಿಲ್ಲ, ಮೇಲ್ಮನವಿಯಿಲ್ಲ, ಬೆಳಗಿನ ಕೆಲವು ನಿಮಿಷಗಳಲ್ಲಿ ಎಲ್ಲವೂ ಮುಗಿದಿರಬಹುದು.

ಹಾಗಾದರೆ ಮಹಾಯಾಜಕನ ಮನೆಯಲ್ಲಿ ನಡೆದದ್ದೇನು? ನಮ್ಮಲ್ಲಿ ಘೋರ ಅಪರಾಧದ ಪ್ರಕರಣವನ್ನು ಮ್ಯಾಜಿಸ್ಟ್ರೇಟರು ತಾವೇ ತೀರ್ಮಾನಿಸದೆ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುವಂಥ ಪೂರ್ವಭಾವಿ ವಿಚಾರಣೆ ಅದಾಗಿತ್ತೆಂದು ನಾನು ಓದಿಕೊಳ್ಳುತ್ತೇನೆ. ಯೋಹಾನನ ಕಥನ ಈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ.

ಇಂಥ ಚರ್ಚೆಗಳಲ್ಲಿ ತಪ್ಪದೆ ಬರುವ ಇನ್ನೊಂದು ವಾದವಿದೆ. ಪ್ರಾಣದಂಡನೆಯ ಮೊಕದ್ದಮೆಯನ್ನು ಹಗಲಿನಲ್ಲೇ ನಡೆಸಬೇಕು, ದೋಷಿಯೆಂಬ ತೀರ್ಪನ್ನು ಮರುದಿನವೇ ಕೊಡಬೇಕು, ಆದ್ದರಿಂದ ಹಬ್ಬದ ಅಥವಾ ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಹಿಂದಿನ ದಿನ ಅಂಥ ವಿಚಾರಣೆ ಕೂಡದು ಎಂದು ಯೆಹೂದ್ಯರ ಕಾನೂನು ಸಂಗ್ರಹವಾದ ಮಿಶ್ನಾ ಹೇಳುವುದರಿಂದ, ಆ ರಾತ್ರಿಯ ಕಲಾಪವೆಲ್ಲ ಅಕ್ರಮವೆಂಬುದು ಆ ವಾದ. ಕೇಳಲು ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಮಿಶ್ನಾ ಗ್ರಂಥರೂಪಕ್ಕೆ ಬಂದದ್ದು ಕ್ರಿ.ಶ. 200ರ ಸುಮಾರಿಗೆ, ದೇವಾಲಯವೂ ಹಳೆಯ ಹಿರೀಸಭೆಯೂ ನಾಶವಾಗಿ ಬಹುಕಾಲ ಕಳೆದ ಮೇಲೆ. ಅದನ್ನು ರೂಪಿಸಿದ ರಬ್ಬಿಗಳ ಪರಂಪರೆ ಬೇರೆ, ಕಾಯಫನ ಕಾಲದ ಸದ್ದುಕಾಯ ಯಾಜಕರ ಪರಂಪರೆ ಬೇರೆ. ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾನೂನನ್ನೇ ಅನ್ವಯಿಸಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಉತ್ತರ 2: ಮಾಟುಂಗಾದ ಇತಿಹಾಸಾಸಕ್ತ

ಆರೋಪದ ಬಗ್ಗೆ ವಕೀಲರ ಮಾತನ್ನು ಒಪ್ಪುತ್ತೇನೆ. ಸೆಷನ್ಸ್ ನ್ಯಾಯಾಲಯದ ಉಪಮೆಯನ್ನು ಒಪ್ಪಲಾರೆ, ಏಕೆಂದರೆ ಕೆಳಗಿನದು ಮೇಲಿನದು ಎಂಬ ಒಪ್ಪವಾದ ನ್ಯಾಯವ್ಯವಸ್ಥೆ ಅಲ್ಲಿತ್ತೆಂಬ ಭಾವನೆಯನ್ನು ಅದು ಕೊಡುತ್ತದೆ. ಕಾಯಫನನ್ನು ಸುಮಾರು 18ರಲ್ಲಿ ಮಹಾಯಾಜಕನನ್ನಾಗಿ ನೇಮಿಸಿದವನು ಪಿಲಾತನಿಗಿಂತ ಮೊದಲಿನ ರೋಮನ್ ಅಧಿಪತಿ ವಲೇರಿಯಸ್ ಗ್ರಾಟಸ್. ಪಿಲಾತ ಹುದ್ದೆ ಕಳೆದುಕೊಂಡ ಕಾಲಕ್ಕೇ ಕಾಯಫನನ್ನೂ ಸಿರಿಯದ ಅಧಿಪತಿ ವಿಟೆಲಿಯಸ್ ಕೆಳಗಿಳಿಸಿದ. ಹಬ್ಬಗಳಲ್ಲಿ ಮಹಾಯಾಜಕ ಧರಿಸುವ ಪವಿತ್ರ ವಸ್ತ್ರಗಳು ಕೂಡ ಆ ವರ್ಷಗಳಲ್ಲಿ ಅಂತೋನಿಯ ಕೋಟೆಯಲ್ಲಿ ರೋಮನರ ವಶದಲ್ಲಿದ್ದವು. ತನ್ನ ಉಡುಗೆಯನ್ನೇ ಪರರಿಂದ ಪಡೆಯಬೇಕಾದ ಅಧಿಕಾರಿಯನ್ನು ಸ್ವತಂತ್ರ ನ್ಯಾಯಾಧೀಶನೆಂದು ಕರೆಯುವುದು ಹೇಗೆ? ಹಬ್ಬದ ಜನಜಂಗುಳಿಯಲ್ಲಿ ಗಲಭೆಯಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಗಲಭೆಯಾದರೆ ಮೊದಲು ಹೋಗುವುದು ಅವನ ಹುದ್ದೆ.

ಇದಕ್ಕೆ ಪೂರಕವಾಗಿ ಜೋಸೆಫಸ್ ಹೇಳುವ ಒಂದು ಘಟನೆಯಿದೆ. ಈ ಚರ್ಚೆಗಳಲ್ಲಿ ಅದನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲವೆಂಬುದು ನನಗೆ ಆಶ್ಚರ್ಯ. ಕ್ರಿ.ಶ. 66ರಲ್ಲಿ ರೋಮಿನ ವಿರುದ್ಧ ಎದ್ದ ಯೆಹೂದ್ಯರ ದಂಗೆಗೆ ನಾಲ್ಕು ವರ್ಷ ಮೊದಲು ಅನನೀಯನ ಮಗ ಯೇಸು ಎಂಬ ಹಳ್ಳಿಗ, ಪರ್ಣಶಾಲೆಗಳ ಹಬ್ಬದಲ್ಲಿ ದೇವಾಲಯಕ್ಕೆ ಬಂದು ಯೆರೂಸಲೇಮಿಗೂ ದೇವಾಲಯಕ್ಕೂ ಕೇಡು ಕಾದಿದೆಯೆಂದು ಕೂಗತೊಡಗಿದ. ಊರಿನ ಪ್ರಮುಖರು ಅವನನ್ನು ಹಿಡಿದು ಹೊಡೆದರು. ಕೂಗು ನಿಲ್ಲದಿದ್ದಾಗ ರೋಮನ್ ಅಧಿಪತಿ ಅಲ್ಬೀನಸನಿಗೆ ಒಪ್ಪಿಸಿದರು. ಎಲುಬು ಕಾಣುವಷ್ಟು ಚಾವಟಿಯೇಟು ಬಿದ್ದರೂ ಆತ ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ನೀನು ಯಾರು, ಎಲ್ಲಿಯವನು ಎಂಬ ಪ್ರಶ್ನೆಗೂ ಉತ್ತರವಿಲ್ಲ. ಕೊನೆಗೆ ಹುಚ್ಚನೆಂದು ಬಿಟ್ಟುಬಿಟ್ಟರು. ದೇವಾಲಯದ ವಿರುದ್ಧ ಭವಿಷ್ಯವಾಣಿ, ಸ್ಥಳೀಯ ಮುಖಂಡರಿಂದ ಬಂಧನ, ರೋಮನರಿಗೆ ಹಸ್ತಾಂತರ, ಚಾವಟಿ, ಆರೋಪಿಯ ಮೌನ: ಎಲ್ಲವೂ ಇದೆ, ಶಿಲುಬೆಯೊಂದನ್ನು ಬಿಟ್ಟು. ಅವನಿಗೆ ಹಿಂಬಾಲಕರಿರಲಿಲ್ಲ, ಅವನನ್ನು ಅರಸನೆಂದು ಯಾರೂ ಕರೆಯಲಿಲ್ಲ. ನಜರೇತಿನ ಯೇಸುವಿಗೆ ಎರಡೂ ಇದ್ದವು. ಮಾರ್ಕನಲ್ಲಿ ಸಾಕ್ಷಿಗಳು ಮೊದಲು ಹೇಳುವುದು ‘ಈ ದೇವಾಲಯವನ್ನು ಕೆಡವಿಬಿಡುವೆನೆಂದ’ ಎಂಬ ದೂರನ್ನೇ, ಗುರುತಿನ ಪ್ರಶ್ನೆ ಏಳುವುದು ಆಮೇಲೆ ಎಂಬುದನ್ನೂ ಗಮನಿಸಬೇಕು.

ಸುಮಾರು ಅದೇ ಸಮಯಕ್ಕೆ, ಕ್ರಿ.ಶ. 62ರಲ್ಲಿ, ಒಬ್ಬ ಅಧಿಪತಿ ತೀರಿಕೊಂಡು ಇನ್ನೊಬ್ಬ ಬರುವುದರೊಳಗೆ ಮಹಾಯಾಜಕ ಅನನಸ್ ಸಭೆ ಕೂಡಿಸಿ ಯೇಸುವಿನ ಸಹೋದರ ಯಾಕೋಬನನ್ನು ಕಲ್ಲೆಸೆದು ಕೊಲ್ಲಿಸಿದ. ದೂರು ಹೋಯಿತು, ಅನನಸ್ ಹುದ್ದೆ ಕಳೆದುಕೊಂಡ. ಮರಣದಂಡನೆ ಕೊಡಲು ‘ನಮಗೆ ಅಧಿಕಾರವಿಲ್ಲ’ ಎಂದು ಯೋಹಾನನಲ್ಲಿ ಬರುವ ಮಾತಿಗೆ ಇದು ಬೆಂಬಲವೆಂದು ಹಲವರು ಓದುತ್ತಾರೆ. ತಕರಾರು ಇದ್ದದ್ದು ಅನುಮತಿಯಿಲ್ಲದೆ ಸಭೆ ಕರೆದದ್ದಕ್ಕೆ ಮಾತ್ರ ಎನ್ನುವವರೂ ಇದ್ದಾರೆ.

ಮರುಪ್ರಶ್ನೆ: ಡೊಂಬಿವಿಲಿಯ ಓದುಗ

ಅನನೀಯನ ಮಗನ ಪ್ರಸಂಗ ನನಗೆ ಹೊಸದು, ಕೃತಜ್ಞತೆಗಳು. ಆದರೆ ನನ್ನ ಎರಡನೆಯ ಪ್ರಶ್ನೆ ಉಳಿದೇಬಿಟ್ಟಿತು. ತಾನು ಮೆಸ್ಸೀಯನೆಂದು (ಗ್ರೀಕಿನಲ್ಲಿ ‘ಕ್ರಿಸ್ತ’, ಅಂದರೆ ದೇವರು ಕಳುಹಿಸುವನೆಂದು ನಂಬಿದ್ದ ಅಭಿಷಿಕ್ತ ಅರಸ) ಹೇಳಿಕೊಳ್ಳುವುದು ಯೆಹೂದ್ಯರ ದೃಷ್ಟಿಯಲ್ಲಿ ದೇವದೂಷಣೆಯೇ? ಹೌದಾದರೆ ಅವರು ಮೆಸ್ಸೀಯನಿಗಾಗಿ ಕಾಯುತ್ತಿದ್ದುದಾದರೂ ಏಕೆ?

ಉತ್ತರ 3: ಪುಣೆ ಕ್ಯಾಂಪ್ ಕಡೆಯವ

ನಾನು ಧಾರವಾಡ ಸೀಮೆಯ ಪ್ರೊಟೆಸ್ಟಂಟ್ ಮನೆತನದವನು. ನನ್ನ ನಂಬಿಕೆಯ ಬಣ್ಣ ಮಾತಿಗೆ ತಗುಲಿದರೆ ಓದುಗರು ಅದನ್ನು ಕಳೆದು ಓದಿಕೊಳ್ಳಲಿ.

ಬರೀ ಮೆಸ್ಸೀಯನೆನ್ನುವುದು ದೂಷಣೆಯಾಗಿರಲಿಲ್ಲ. ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ಎದ್ದ ಬಾರ್ ಕೋಖ್ಬಾನನ್ನು ಮೆಸ್ಸೀಯನೆಂದು ಸಾರಿದವನು ರಬ್ಬಿ ಅಕೀವನಂಥ ಮಹಾ ಪಂಡಿತ. ದಂಗೆ ಸೋತ ಮೇಲೆ ಇಬ್ಬರನ್ನೂ ತಪ್ಪು ತಿಳಿದವರೆಂದರೇ ಹೊರತು ದೇವದೂಷಕರೆನ್ನಲಿಲ್ಲ. ‘ದೇವಕುಮಾರ’ ಎಂಬ ಬಿರುದೂ ಅಷ್ಟೇ. ಎರಡನೆಯ ಕೀರ್ತನೆಯಲ್ಲಿ ದೇವರು ದಾವೀದ ವಂಶದ ಅರಸನನ್ನು ‘ನೀನು ನನ್ನ ಮಗ’ ಎನ್ನುತ್ತಾನೆ, ಅದನ್ನು ಯಾರೂ ಅಪರಾಧವೆಂದು ಓದಲಿಲ್ಲ. ಮಾರ್ಕನಲ್ಲಿ ಮಹಾಯಾಜಕ ಬಟ್ಟೆ ಹರಿದುಕೊಳ್ಳುವುದು ಯೇಸು ಹೌದೆಂದಾಗಲ್ಲ, ಅದರ ಮುಂದಿನ ಮಾತಿಗೆ. ಮನುಷ್ಯಕುಮಾರನು (ಯೇಸು ತನ್ನನ್ನು ಕರೆದುಕೊಳ್ಳುತ್ತಿದ್ದ ಹೆಸರು) ಸರ್ವಶಕ್ತನ ಬಲಗಡೆ ಕುಳಿತಿರುವುದನ್ನೂ ಮೇಘಗಳೊಂದಿಗೆ ಬರುವುದನ್ನೂ ನೀವು ನೋಡುವಿರಿ ಎಂಬ ಆ ಮಾತಿನಲ್ಲಿ 110ನೆಯ ಕೀರ್ತನೆಯೂ ದಾನಿಯೇಲನ ಏಳನೆಯ ಅಧ್ಯಾಯದ ದರ್ಶನವೂ ಹೆಣೆದುಕೊಂಡಿವೆ. ಕಟಕಟೆಯಲ್ಲಿ ನಿಂತವನು ತನ್ನ ನ್ಯಾಯಾಧೀಶರಿಗೆ, ದೇವರ ಪಕ್ಕದ ಆಸನ ತನ್ನದು, ಮುಂದೊಂದು ದಿನ ವಿಚಾರಣೆಗೆ ನಿಲ್ಲುವವರು ನೀವು ಎಂದು ಹೇಳಿದಂತಾಯಿತು.

ಆ ಮಾತನ್ನು ಕೇಳಿ ವರದಿ ಮಾಡಿದವರು ಯಾರು ಎಂದು ಇತಿಹಾಸಕಾರರು ಕೇಳುತ್ತಾರೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಶಿಷ್ಯರು ಓಡಿಹೋಗಿದ್ದರು, ಪೇತ್ರ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ಆದ್ದರಿಂದ ಉತ್ತರದ ಪದಗಳು ಆದಿಸಭೆಯ ನಂಬಿಕೆಯಲ್ಲಿ ರೂಪುಗೊಂಡವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಪದಗಳ ಮಟ್ಟಿಗೆ ನಾನು ಅದನ್ನು ಒಪ್ಪಬಲ್ಲೆ. ಪ್ರಶ್ನೆಯೇ ಕಲ್ಪಿತವೆಂಬುದನ್ನು ಒಪ್ಪಲಾರೆ. ಮೆಸ್ಸೀಯನ ವಿಷಯ ಏಳದೆ ಇದ್ದಿದ್ದರೆ ‘ಅರಸ’ ಎಂಬ ಫಲಕ ಎಲ್ಲಿಂದ ಬಂತು? ಯಾಜಕರಿಗೆ ಧಾರ್ಮಿಕ ಬಿರುದಾಗಿದ್ದದ್ದನ್ನು ಪಿಲಾತನಿಗೆ ಅರ್ಥವಾಗುವಂತೆ ಹೇಳಿದರೆ ಅದು ಅರಸುತನವೇ ಆಗುತ್ತದೆ. ಆರೋಪ ಬದಲಾಯಿತೆಂದು ಓದುಗರಿಗೆ ಅನ್ನಿಸಿದ್ದು ಇಲ್ಲಿ. ಗುರುತು ಒಂದೇ, ಅದು ಒಂದು ಕಡೆ ಪಾಪವಾಗಿಯೂ ಇನ್ನೊಂದು ಕಡೆ ರಾಜದ್ರೋಹವಾಗಿಯೂ ಕೇಳಿಸಿತು.

ಇನ್ನು ಕ್ರಿಸ್ತನು ತಂದೆಯೊಂದಿಗೆ ಒಂದೇ ಸತ್ವದವನು ಎಂಬ ನಿರ್ಣಯ 325ರ ನೈಸಿಯಾ ಸಭೆಯದು, ದೈವ ಮಾನುಷ ಸ್ವಭಾವಗಳೆರಡೂ ಅವನಲ್ಲಿವೆ ಎಂಬುದು 451ರ ಕಾಲ್ಸಿಡನ್ ಸಭೆಯದು. ಅವನ್ನು ಕಾಯಫನ ಬಾಯಿಗೆ ತುರುಕುವುದು ಬೇಡ.

ಉತ್ತರ 4: ವಾಸ್ಕೋದ ಕನ್ನಡಿಗ

‘ಶಿಕ್ಷೆ ಕೊಟ್ಟವರು ಯಾರು’ ಎಂಬುದು ಪಂಡಿತರ ಕುತೂಹಲವಾಗಿ ಮಾತ್ರ ಉಳಿಯಲಿಲ್ಲವಾದ್ದರಿಂದ ಒಂದು ಮಾತು ಸೇರಿಸಬೇಕಾಗಿದೆ. ಪಿಲಾತ ಕೈತೊಳೆದುಕೊಳ್ಳುವುದು, ಜನರೆಲ್ಲ ‘ಅವನ ರಕ್ತ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ’ ಎನ್ನುವುದು ಮತ್ತಾಯನಲ್ಲಿ ಮಾತ್ರ ಬರುತ್ತದೆ. ಅದೇ ಕಾಲದ ಅಲೆಕ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞಾನಿ ಫಿಲೋ ಚಿತ್ರಿಸುವ ಪಿಲಾತ ಹಟಮಾರಿ, ಕ್ರೂರಿ, ವಿಚಾರಣೆಯಿಲ್ಲದೆ ಕೊಲ್ಲಿಸುತ್ತಿದ್ದವನು. ಅವನ ಹುದ್ದೆ ಹೋದದ್ದು ಸಮಾರ್ಯದವರ ಮೇಲೆ ನಡೆಸಿದ ಹತ್ಯಾಕಾಂಡದ ದೂರಿನಿಂದ. ಅಂಥವನು ಸುವಾರ್ತೆಗಳಲ್ಲಿ ಬರಬರುತ್ತ ಮೆತ್ತಗಾಗುತ್ತಾನೆ. ರೋಮನ್ ಆಳ್ವಿಕೆಯಡಿ ಬದುಕಬೇಕಾಗಿದ್ದ ಸಭೆಗಳು ತಮ್ಮ ಪ್ರಭುವನ್ನು ರೋಮೇ ಕೊಂದಿತೆಂದು ಸಾರಲು ಹಿಂಜರಿದವೆಂಬ ವಿವರಣೆ ನನಗೆ ಸರಿಯೆನಿಸುತ್ತದೆ. ಇಥಿಯೋಪಿಯದ ಸಭೆಯಲ್ಲಂತೂ ಪಿಲಾತನಿಗೆ ಸಂತನ ಸ್ಥಾನವೇ ಇದೆ!

ಪಿಲಾತ ಮೆತ್ತಗಾದಷ್ಟೂ ಹೊರೆ ಯೆಹೂದ್ಯರ ಮೇಲೆ ಬಿತ್ತು. ಯೂರೋಪಿನಲ್ಲಿ ಶತಮಾನಗಳ ಕಾಲ ಅವರನ್ನು ದೇವರನ್ನು ಕೊಂದವರೆಂದು ಕರೆದರು. ಆ ದ್ವೇಷದ ಒಂದು ಕವಲು ಗೋವೆಗೂ ಬಂತು. 1560ರಲ್ಲಿ ಇಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಕಥೋಲಿಕ ಧರ್ಮವಿಚಾರಣಾ ನ್ಯಾಯಾಲಯ ಹಿಂದೂ ಮೂಲದವರನ್ನು ಕಾಡಿದ್ದು ನಮಗೆ ಗೊತ್ತು. ಯೆಹೂದಿ ಮೂಲದಿಂದ ಮತಾಂತರಗೊಂಡ ಪೋರ್ಚುಗೀಸರೂ ಅದರ ಗುರಿಯಾಗಿದ್ದರೆಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಭಾರತದ ಔಷಧಿ ಸಸ್ಯಗಳ ಬಗ್ಗೆ ಬರೆದ ವೈದ್ಯ ಗಾರ್ಸಿಯಾ ದ ಓರ್ತಾ 1568ರಲ್ಲಿ ಗೋವೆಯಲ್ಲೇ ತೀರಿಕೊಂಡ. ಮರುವರ್ಷ ಅವನ ತಂಗಿ ಕತಾರಿನಾಳನ್ನು ಯೆಹೂದಿ ಆಚರಣೆಯ ಆರೋಪದಲ್ಲಿ ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು. ಇಂದು ಪಣಜಿಯ ನಗರೋದ್ಯಾನಕ್ಕೆ ಅವನದೇ ಹೆಸರಿದೆ. ಇದಕ್ಕೆಲ್ಲ ಮತ್ತಾಯನ ಒಂದು ವಾಕ್ಯವೇ ಕಾರಣವೆಂದು ನಾನು ಹೇಳುವುದಿಲ್ಲ. ರಾಜಕೀಯ, ಹಣ, ಅಸೂಯೆ ಎಲ್ಲವೂ ಇದ್ದವು. ಆದರೆ ಯೇಸುವಿನ ಮರಣದ ಹೊಣೆಯನ್ನು ಆಗ ಬದುಕಿದ್ದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲವೆಂದು ಕಥೋಲಿಕ ಸಭೆ ಅಧಿಕೃತವಾಗಿ ಸಾರಲು ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ, ಅಂದರೆ 1965ರ ಅಕ್ಟೋಬರ್ 28ರವರೆಗೆ ಕಾಯಬೇಕಾಯಿತು.

ಉತ್ತರ 5: ಪುಣೆಯ ವಕೀಲ

ಮಾಟುಂಗಾದವರ ಆಕ್ಷೇಪಣೆಯಲ್ಲಿ ತೂಕವಿದೆ, ಆದರೂ ‘ಒಪ್ಪಿಸಿದರು’ ಎಂಬ ಕ್ರಿಯೆ ಯೇಸು ಮತ್ತು ಅನನೀಯನ ಮಗ ಇಬ್ಬರ ಪ್ರಕರಣಗಳಲ್ಲೂ ಇರುವುದರಿಂದ ನನ್ನ ಉಪಮೆಯನ್ನು ಪೂರ್ತಿ ಕೈಬಿಡಲು ಸಿದ್ಧನಿಲ್ಲ.

ಯೇಸುವಿನ ಬದಲು ಪಿಲಾತ ಬಿಡುಗಡೆ ಮಾಡಿದನೆಂದು ಸುವಾರ್ತೆಗಳು ಹೇಳುವ ಕೈದಿ ಬರಬ್ಬನ ಮಾತನ್ನು ಯಾರೂ ಎತ್ತಲಿಲ್ಲ. ಹಬ್ಬಕ್ಕೊಬ್ಬ ಕೈದಿಯನ್ನು ಬಿಡುವ ಪದ್ಧತಿಗೆ ಸುವಾರ್ತೆಗಳ ಹೊರಗೆ ಸಾಕ್ಷ್ಯವಿಲ್ಲವೆಂದು ಅನೇಕರು ಆ ಪ್ರಸಂಗವನ್ನೇ ತಳ್ಳಿಹಾಕುತ್ತಾರೆ. ಅಧಿಪತಿಗಳು ಕೈದಿಗಳನ್ನು ಬಿಡುತ್ತಿದ್ದುದಂತೂ ನಿಜ. ಮೇಲೆ ಹೇಳಿದ ಅಲ್ಬೀನಸನೇ ಹುದ್ದೆ ಬಿಡುವ ಮುನ್ನ ಸಣ್ಣಪುಟ್ಟ ಆರೋಪದವರನ್ನು ಬಿಟ್ಟ, ಅದೂ ಹಣ ತೆಗೆದುಕೊಂಡು ಎನ್ನುತ್ತಾನೆ ಜೋಸೆಫಸ್. ವಾರ್ಷಿಕ ಪದ್ಧತಿ ಅನುಮಾನಾಸ್ಪದ, ಒಂದು ಬಾರಿಯ ಬಿಡುಗಡೆ ಅಸಂಭವವಲ್ಲ. ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಬರಬ್ಬನ ಅಪರಾಧ: ದಂಗೆಯಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದವನು ಎನ್ನುತ್ತಾನೆ ಮಾರ್ಕ. ಅಂದರೆ ಆ ಪಸ್ಕದ ಹೊತ್ತಿಗೆ ಯೆರೂಸಲೇಮಿನಲ್ಲಿ ಆಗಲೇ ಒಂದು ದಂಗೆ ನಡೆದಿತ್ತು, ಬಂಧಿತರು ಶಿಕ್ಷೆಗೆ ಕಾಯುತ್ತಿದ್ದರು. ಯೇಸುವಿನ ಎಡಬಲಕ್ಕೆ ಶಿಲುಬೆಗೇರಿದ ಇಬ್ಬರು ಅದೇ ಗುಂಪಿನವರಾಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ, ಏಕೆಂದರೆ ಸಾಮಾನ್ಯ ಕಳ್ಳರನ್ನು ಹಬ್ಬದ ಮುನ್ನಾದಿನ ಸಾರ್ವಜನಿಕವಾಗಿ ಶಿಲುಬೆಗೇರಿಸುವ ಅವಸರ ಪಿಲಾತನಿಗೆ ಇರಲಾರದು. ಆ ಊಹೆ ಸರಿಯಾದರೆ ಅವನ ಕಡತದಲ್ಲಿ ಅಂದು ಇದ್ದದ್ದು ಮೂರು ರಾಜದ್ರೋಹದ ಪ್ರಕರಣಗಳು, ಮತ್ತು ನಡುವಿನವನ ಗುರುತನ್ನು ಬಿಡಿಸಿ ನೋಡುವ ಗೋಜಿಗೆ ಅವನು ಹೋಗಿರುವ ಸಂಭವ ಬಹಳ ಕಡಿಮೆ.