ಪೀಟರ್ಸ್‌ಬರ್ಗಿನ ಕುಳಿ, 1864: ಸುರಂಗ ಗೆದ್ದರೂ ಲಗ್ಗೆ ಸೋತದ್ದು ಯಾರ ತಪ್ಪಿಂದ?

ಹಳೇನಕ್ಷೆ:
ಅಮೆರಿಕದ ಅಂತರ್ಯುದ್ಧ. ವರ್ಜೀನಿಯಾದ ಪೀಟರ್ಸ್‌ಬರ್ಗ್ ಊರಿನ ಮುಂದೆ ಗ್ರಾಂಟ್‌ನ ಉತ್ತರದ ಸೇನೆ 1864ರ ಜೂನ್‌ನಿಂದ ಕಂದಕ ತೋಡಿಕೊಂಡು ಕೂತಿತ್ತು. ದಕ್ಷಿಣದವರ ರಾಜಧಾನಿ ರಿಚ್ಮಂಡ್‌ಗೆ ಸಾಮಾನು ಸಾಗುತ್ತಿದ್ದ ರೈಲುಗಳಲ್ಲಿ ಹಲವು ಈ ಊರಿನ ಮೂಲಕ ಹೋಗುತ್ತಿದ್ದವು. ಪೆನ್ಸಿಲ್ವೇನಿಯಾದ 48ನೇ ರೆಜಿಮೆಂಟಿನಲ್ಲಿ ಕಲ್ಲಿದ್ದಲು ಗಣಿಯವರು ಬಹಳ ಜನ ಇದ್ದರು. ಅವರ ಅಧಿಕಾರಿ ಹೆನ್ರಿ ಪ್ಲೆಸೆಂಟ್ಸ್ ಶತ್ರುವಿನ ಕೋಟೆಗೋಡೆಯ ಕೆಳಗೇ 511 ಅಡಿ ಸುರಂಗ ಕೊರೆಸಿ 8,000 ಪೌಂಡ್ ಸಿಡಿಮದ್ದು ತುಂಬಿಸಿದ. ಜುಲೈ 30ರ ಬೆಳಗ್ಗೆ 4:44ಕ್ಕೆ ಅದು ಸಿಡಿಯಿತು. ಸುಮಾರು 170 ಅಡಿ ಉದ್ದ, 30 ಅಡಿ ಆಳದ ಕುಳಿ. ದಕ್ಷಿಣದ 278 ಜನ ಆ ಸ್ಫೋಟದಲ್ಲೇ ಸತ್ತರು.

ದಾರಿ ತೆರೆದಿತ್ತು. ಆದರೂ ಮಧ್ಯಾಹ್ನದ ಹೊತ್ತಿಗೆ ಉತ್ತರದವರೇ ಸೋತಿದ್ದರು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಸುಮಾರು 3,800 ಜನ. ನನ್ನ ಪ್ರಕಾರ ತಪ್ಪು ಒಬ್ಬನದೇ: ಲಗ್ಗೆಯಲ್ಲಿ ಮೊದಲು ಹೋದ ಡಿವಿಷನ್ನಿನ (ಸಾವಿರಾರು ಸೈನಿಕರ ದಳ) ಜನರಲ್ ಲೆಡ್ಲಿ. ತನ್ನವರನ್ನು ಕುಳಿಗೆ ಕಳಿಸಿ, ತಾನು ಹಿಂದಿನ ಮರೆಯಲ್ಲಿ ಕೂತು ಕುಡಿಯುತ್ತಿದ್ದ.

ಬಯಲುಸೀಮೆ_ಹುಡುಗ:
ಬೆಟ್ಟ ಅಗೆದು ಇಲಿ ಹಿಡಿದ ಕಥೆ ಆಯಿತಲ್ಲ ಗುರು! ಇಲಿಯೂ ಸಿಕ್ಕಲಿಲ್ಲ ಅನ್ನಿ.

ಇತಿಹಾಸದ_ಟೀಚರ್:
ಲೆಡ್ಲಿ ಕುಡುಕ, ಒಪ್ಪಿದೆ. ಆದರೆ ಅವನು ಮುಂದಿನ ಸಾಲಿಗೆ ಬಂದದ್ದು ಹೇಗೆ ಅಂತ ನೀವು ಬರೆಯಲೇ ಇಲ್ಲ. ಲೆಡ್ಲಿಯ ಮೇಲಧಿಕಾರಿ ಜನರಲ್ ಬರ್ನ್‌ಸೈಡ್ ಈ ಲಗ್ಗೆಗೆ ಆರಿಸಿದ್ದು ತನ್ನ ಕಪ್ಪು ಸೈನಿಕರ ಡಿವಿಷನ್ನನ್ನು. ಮಿಕ್ಕ ಮೂರು ಡಿವಿಷನ್‌ಗಳು ವಾರಗಟ್ಟಲೆ ಕಂದಕದಲ್ಲಿ ಬಿದ್ದು ಸುಸ್ತಾಗಿದ್ದವು. ಇವರು ಹೊಸಬರು, ಹುರುಪಿನವರು, ಈ ಕೆಲಸಕ್ಕೆಂದೇ ತಯಾರಾದವರು. ಸ್ಫೋಟದ ಹಿಂದಿನ ದಿನ ಅವನ ಮೇಲಿನ ಜನರಲ್ ಮೀಡ್ ಬೇಡ ಎಂದ, ಗ್ರಾಂಟ್ ಅದಕ್ಕೆ ಒಪ್ಪಿದ. ಆಮೇಲೆ ಬರ್ನ್‌ಸೈಡ್ ಏನು ಮಾಡಿದ ಗೊತ್ತಲ್ವಾ? ಮೂವರು ಜನರಲ್‌ಗಳ ಹೆಸರಿನಲ್ಲಿ ಚೀಟಿ ಎತ್ತಿಸಿದ! ಚೀಟಿ ಲೆಡ್ಲಿಗೆ ಬಂತು. ನಮ್ಮ ಶಾಲೆಯಲ್ಲಿ ಕಬಡ್ಡಿ ತಂಡವನ್ನೂ ಹಾಗೆ ಆರಿಸುವುದಿಲ್ಲ.

ಹಳೇನಕ್ಷೆ:
ಮೇಡಂ, ಮೀಡ್‌ಗೂ ಕಾರಣ ಇತ್ತು. ಆ ಸೈನಿಕರು ಇನ್ನೂ ದೊಡ್ಡ ಕಾಳಗ ನೋಡಿರಲಿಲ್ಲ. ಲಗ್ಗೆ ಸೋತರೆ, ಕಪ್ಪು ಜನರ ಜೀವಕ್ಕೆ ಬೆಲೆಯಿಲ್ಲವೆಂದು ಅವರನ್ನು ಮುಂದೆ ತಳ್ಳಿದರು ಎಂಬ ಮಾತು ಬರುತ್ತದೆ ಎನ್ನುವುದು ಅವನ ಹೆದರಿಕೆ. ಅದು ತಪ್ಪು ಯೋಚನೆಯೇ?

ಇತಿಹಾಸದ_ಟೀಚರ್:
ಹೆದರಿಕೆ ಯಾರ ಬಗ್ಗೆ ನೋಡಿ: ಅವರ ಜೀವದ ಬಗ್ಗೆಯಲ್ಲ, ತಮ್ಮ ಹೆಸರಿನ ಬಗ್ಗೆ. ಕೊನೆಗೆ ಆದದ್ದೇನು? ಎಂಟು ಗಂಟೆಯ ಹೊತ್ತಿಗೆ, ಎಲ್ಲ ಕೆಟ್ಟ ಮೇಲೆ, ಅದೇ ಡಿವಿಷನ್ನನ್ನು ಅದೇ ಕುಳಿಯ ಕಡೆಗೆ ಕಳಿಸಿದರು. ಮೊದಲು ಕಳಿಸಿದ್ದರೆ ಸಾಯುತ್ತಾರೆ ಎಂದವರು, ಕೊನೆಗೆ ಕಳಿಸಿ ಸಾಯಿಸಿದರು. ಒಂದೇ ಬೆಳಗ್ಗೆ ಆ ಡಿವಿಷನ್ ಕಳೆದುಕೊಂಡದ್ದು 1,300ಕ್ಕಿಂತ ಜಾಸ್ತಿ ಜನರನ್ನು. ಶರಣಾದವರನ್ನೂ, ಗಾಯಗೊಂಡು ಬಿದ್ದವರನ್ನೂ ದಕ್ಷಿಣದ ಸೈನಿಕರು ಕೊಂದರು. ಇದನ್ನು ಬಿಟ್ಟು ಬರೀ ಕುಡಿತದ ಕಥೆ ಹೇಳಿದರೆ ಓದುವವರು ನಕ್ಕು ಮುಂದೆ ಹೋಗುತ್ತಾರೆ.

ಹಳೇನಕ್ಷೆ:
ಅದನ್ನು ಬರೆಯಬೇಕಿತ್ತು. ಬಿಟ್ಟದ್ದು ನನ್ನ ತಪ್ಪು.

ರಿಚ್ಮಂಡ್_ವಾಸಿ:
ನಾನು ಇಲ್ಲೇ, ಅರ್ಧ ಗಂಟೆ ದೂರದಲ್ಲಿ ಇರುವವನು. ಆ ಜಾಗ ಈಗ ರಾಷ್ಟ್ರೀಯ ಉದ್ಯಾನದ ಒಳಗಿದೆ. ಕುಳಿ ಅಂದರೆ ಈಗ ಹುಲ್ಲು ಬೆಳೆದ ಒಂದು ತಗ್ಗು, ಅಷ್ಟೇ. ನಮ್ಮ ಅಪ್ಪ ಊರಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. "ಇಷ್ಟು ದೂರ ಬಂದದ್ದು ಈ ಗುಂಡಿ ನೋಡೋಕಾ?" ಎಂದರು. ಆದರೆ ಸುರಂಗದ ಬಾಯಿಯಿಂದ ಕುಳಿಯವರೆಗೆ ನಡೆದಾಗ ಅವರೇ ಸುಮ್ಮನಾದರು. 511 ಅಡಿ ಕಾಗದದಲ್ಲಿ ಓದುವುದು ಬೇರೆ, ನಡೆಯುವುದು ಬೇರೆ.

ಚರ್ಚೆಗೆ ಒಂದು ಮಾತು. ಯಾರು ಮುಂದೆ ಹೋಗಬೇಕು ಎಂಬುದೊಂದೇ ಬದಲಾಗಲಿಲ್ಲ, ಯೋಜನೆಯೂ ಬದಲಾಯಿತು. ಮೊದಲು ಬಂದವರು ಎಡಕ್ಕೂ ಬಲಕ್ಕೂ ತಿರುಗಿ ಪಕ್ಕದ ಕಂದಕಗಳನ್ನು ಖಾಲಿ ಮಾಡಬೇಕು ಎಂದು ಬರ್ನ್‌ಸೈಡ್ ಹೇಳಿದ್ದ. ಮೀಡ್ ಅದನ್ನೂ ತೆಗೆದುಹಾಕಿ, ನೇರ ಹಿಂದಿನ ದಿಬ್ಬಕ್ಕೆ ಓಡಿ ಎಂದ. ಅಂದರೆ ಕುಳಿಯ ಎರಡೂ ಪಕ್ಕದಲ್ಲಿ ಬಂದೂಕು ಹಿಡಿದವರು ಹಾಗೇ ಉಳಿದರು.

ಗಣಿಮನೆ:
ನನಗೆ ಜನರಲ್‌ಗಳಿಗಿಂತ ಆ ಗಣಿಯವರೇ ಇಷ್ಟ. ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿದ್ದವರು. ಒಳಗೆ ಮೊದಲ ಚಿಂತೆ ಗಾಳಿ ಎನ್ನುತ್ತಿದ್ದರು. ಅಷ್ಟು ಉದ್ದಕ್ಕೆ ಗಾಳಿ ಸಿಗುವುದಿಲ್ಲ ಎಂದು ಸೇನೆಯ ಎಂಜಿನಿಯರ್‌ಗಳು ನಕ್ಕಿದ್ದರು. ಪ್ಲೆಸೆಂಟ್ಸ್ ಮಾಡಿದ್ದು ಹೀಗೆ: ತಮ್ಮದೇ ಸಾಲಿನ ಹಿಂದೆ ಸುರಂಗದಿಂದ ಮೇಲಕ್ಕೆ ಒಂದು ಚಿಮಣಿ ಕೊರೆಸಿದ. ಅದರ ಬುಡದಲ್ಲಿ ಸದಾ ಬೆಂಕಿ. ಸುರಂಗದ ಬಾಯಿಗೆ ಗಾಳಿಯಾಡದ ಬಾಗಿಲು. ಬಾಗಿಲ ಹೊರಗಿನಿಂದ ತುದಿಯವರೆಗೆ ನೆಲದ ಮೇಲೆ ಹಲಗೆಯ ಕೊಳವೆ. ಬಿಸಿಗಾಳಿ ಚಿಮಣಿಯಲ್ಲಿ ಏರುತ್ತಾ ಒಳಗಿನ ಕೆಟ್ಟ ಗಾಳಿಯನ್ನು ಎಳೆಯುತ್ತಿತ್ತು. ಅದರ ಜಾಗಕ್ಕೆ ಕೊಳವೆಯಿಂದ ಹೊಸ ಗಾಳಿ ಬರುತ್ತಿತ್ತು. ಸೇನೆ ಸರಿಯಾದ ಗುದ್ದಲಿ, ಕೈಗಾಡಿ ಏನೂ ಕೊಡಲಿಲ್ಲ. ಮಣ್ಣು ಹೊತ್ತದ್ದು ಬಿಸ್ಕತ್ತಿನ ಪೆಟ್ಟಿಗೆಗಳಲ್ಲಿ!

ಬಯಲುಸೀಮೆ_ಹುಡುಗ:
ಸೈಡ್‌ಬರ್ನ್ಸ್ ಅನ್ನೋ ಹೆಸರು ಈ ಬರ್ನ್‌ಸೈಡ್‌ನ ಕೆನ್ನೆಗೂದಲಿಂದಲೇ ಬಂದದ್ದು, ಅಲ್ವಾ? ಯುದ್ಧದಲ್ಲಿ ಆಗದ ಕೆಲಸ ಕೂದಲು ಮಾಡಿತು.

ರಿಚ್ಮಂಡ್_ವಾಸಿ:
ಹೌದು. ಆದರೆ ನಗುವಷ್ಟು ಪೆದ್ದನೂ ಅಲ್ಲ ಅವನು. ಸುರಂಗದ ಮೇಲೆ ನಂಬಿಕೆ ಇಟ್ಟ ದೊಡ್ಡ ಅಧಿಕಾರಿ ಅವನೊಬ್ಬನೇ. ಸೇನೆ ಅಳತೆಯ ಯಂತ್ರ ಕೊಡದಿದ್ದಾಗ ವಾಷಿಂಗ್ಟನ್‌ನಿಂದ ಹಳೆಯದೊಂದನ್ನು ತರಿಸಿಕೊಟ್ಟವನೂ ಅವನೇ.

ಹಳೇನಕ್ಷೆ:
ಸರಿ, ಆದರೆ ಟೀಚರ್, ಕಪ್ಪು ಸೈನಿಕರನ್ನು ಮೊದಲೇ ಕಳಿಸಿದ್ದರೆ ಗೆಲ್ಲುತ್ತಿದ್ದರು ಎನ್ನುವುದಕ್ಕೂ ಒಂದು ತೊಡಕಿದೆ. ತಮ್ಮದೇ ಕಂದಕದ ಮುಂದಿನ ಅಡ್ಡಿಗಳನ್ನು ಬರ್ನ್‌ಸೈಡ್ ತೆಗೆಸಿರಲಿಲ್ಲ. ಹತ್ತಲು ಏಣಿಯೂ ಇರಲಿಲ್ಲ. ಬಯೊನೆಟ್‌ಗಳನ್ನು (ಬಂದೂಕಿನ ತುದಿಯ ಕತ್ತಿ) ಗೋಡೆಗೆ ಚುಚ್ಚಿ ಮೆಟ್ಟಿಲು ಮಾಡಿಕೊಂಡು ಹತ್ತಿದರು. ಸಾಲು ಅಲ್ಲೇ ಮುರಿಯಿತು. ಯಾರು ಹೋಗಿದ್ದರೂ ಹಾಗೇ ಆಗುತ್ತಿತ್ತು.

ಇತಿಹಾಸದ_ಟೀಚರ್:
ಹತ್ತುವವರೆಗೆ ಹಾಗೇ ಆಗುತ್ತಿತ್ತು. ಆಮೇಲೆ? ಲೆಡ್ಲಿಯವರು ಕುಳಿಗೆ ಇಳಿದರು. ಕೆಳಗಿದ್ದವರನ್ನು ನೋಡುತ್ತಾ, ಮಣ್ಣಲ್ಲಿ ಹೂತವರನ್ನು ಎಳೆಯುತ್ತಾ ನಿಂತರು. ಸಡಿಲ ಮಣ್ಣು, ಕಡಿದಾದ ಗೋಡೆ, ಹತ್ತಿದರೆ ಜಾರುವುದು. ಹಿಂದಿನವರೂ ಬಂದು ಅದೇ ಗುಂಡಿ ತುಂಬಿದರು. ಕಪ್ಪು ಸೈನಿಕರು ತಡವಾಗಿ ಬಂದರೂ, ಅವರಲ್ಲಿ ಬಹಳ ಜನ ಕುಳಿಯ ಬಲಕ್ಕೆ ಸುತ್ತಿಹೋಗಿ ಮುಂದಿನ ಕಂದಕ ಹಿಡಿದರು. ಕೈದಿಗಳನ್ನೂ ಹಿಡಿದರು. 39ನೇ ರೆಜಿಮೆಂಟಿನ ಸಾರ್ಜೆಂಟ್ ಡೆಕೇಟರ್ ಡಾರ್ಸಿ ಎಲ್ಲರಿಗಿಂತ ಮುಂದೆ ಹೋಗಿ ಬಾವುಟ ನೆಟ್ಟ, ಅದಕ್ಕೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂತು. ಅಷ್ಟರಲ್ಲಿ ಜನರಲ್ ಮಹೋನ್‌ನ ದಕ್ಷಿಣದ ಪಡೆ ಎದುರಿಗೆ ಬಂದಿತ್ತು. ಐದು ಗಂಟೆಗೆ ಎದುರಿಗೆ ಅವರಿರಲಿಲ್ಲ. ಇವರನ್ನು ಮೊದಲು ಕಳಿಸಿದ್ದರೆ ಗೆಲ್ಲುತ್ತಿದ್ದೆವು ಎಂದು ಗ್ರಾಂಟ್‌ನೇ ಆಮೇಲೆ ವಿಚಾರಣಾ ಸಮಿತಿಯ ಮುಂದೆ ಹೇಳಿದ.

ಹಳೇನಕ್ಷೆ:
ಅದೇ ಉಸಿರಿನಲ್ಲಿ, ಮೀಡ್ ಹೇಳಿದ್ದೂ ಸರಿ ಎಂದೂ ಹೇಳಿದ್ದಾನೆ.

ಇತಿಹಾಸದ_ಟೀಚರ್:
ಹೇಳಿದ್ದಾನೆ. ಇಲ್ಲ ಅನ್ನಲ್ಲ. ಬರ್ನ್‌ಸೈಡ್‌ನ ಕೆಲಸ ಹೋಯಿತು, ಮೀಡ್‌ನದು ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಊರು ಮಾತ್ರ 1865ರ ಏಪ್ರಿಲ್‌ವರೆಗೆ ಬೀಳಲಿಲ್ಲ.

ಹಳೇನಕ್ಷೆ:
ಎಮ್ಮೆಯೂ ಪೂರ್ತಿ ನಿರಪರಾಧಿ ಅಲ್ಲ ಮೇಡಂ, ಚೀಟಿ ಎತ್ತಿಸಿದ್ದು ಅದೇ. ಆದರೆ ತಪ್ಪು ಲೆಡ್ಲಿ ಒಬ್ಬನದೇ ಎಂದಿದ್ದನ್ನು ವಾಪಸು ತಗೊಂಡೆ.

ಗಣಿಮನೆ:
ನನ್ನ ಪ್ರಶ್ನೆ ಬೇರೆ. ಬತ್ತಿಗೆ ಬೆಂಕಿ ಇಟ್ಟದ್ದು ಮೂರೂಕಾಲಕ್ಕೆ. ಸಿಡಿದದ್ದು 4:44ಕ್ಕೆ ಯಾಕೆ?

ರಿಚ್ಮಂಡ್_ವಾಸಿ:
ಬತ್ತಿಯನ್ನೂ ಸೇನೆ ತುಂಡುತುಂಡಾಗಿ ಕೊಟ್ಟಿತ್ತು, ಗಂಟು ಹಾಕಿ ಉದ್ದ ಮಾಡಿದ್ದರು. ಒಂದು ಗಂಟಿನಲ್ಲಿ ಬೆಂಕಿ ಆರಿಹೋಗಿತ್ತು. ಸಾರ್ಜೆಂಟ್ ಹ್ಯಾರಿ ರೀಸ್, ಲೆಫ್ಟಿನೆಂಟ್ ಜೇಕಬ್ ಡೌಟಿ ಇಬ್ಬರೇ ಒಳಗೆ ಹೋಗಿ ಮತ್ತೆ ಹಚ್ಚಿ ಓಡಿಬಂದರು.

ಗಣಿಮನೆ:
ಬೆಂಕಿ ನಿಜವಾಗಿ ಆರಿದೆಯೋ, ಮೆಲ್ಲಗೆ ಉರಿಯುತ್ತಿದೆಯೋ ಅಂತ ಗೊತ್ತಿಲ್ಲದೆ ಒಳಗೆ ಹೋದರಲ್ಲ! ತಾತ ಇದ್ದಿದ್ದರೆ ಅವರಿಬ್ಬರಿಗೆ ಕಾಫಿ ಕೊಡಿಸುತ್ತಿದ್ದರು.